ಮಿಷನ್ ಇಂಪಾಸಿಬಲ್ ಸಂಗೀತದಲ್ಲಿ ಗುಪ್ತ ಸಂದೇಶ ಅಡಗಿದೆಯೇ?

ಅಳವಂಡಿ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲ್ ‘ಡಂ... ಡಂ... ಡಂ ಡಂ’ ಎಂದು ರಿಂಗಾದರೂ ಸಾಕು, ಟಾಮ್ ಕ್ರೂಸ್ ನೆನಪಾಗುತ್ತಾನೆ. ಆದರೆ ಆ ಟ್ಯೂನ್ ಸಿನಿಮಾಗೆಂದು ಮಾಡಿದ್ದಲ್ಲ. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಗೂಢಚಾರರ ಧಾರಾವಾಹಿಗೆ ಅರ್ಜೆಂಟೀನಾದಲ್ಲಿ ಹುಟ್ಟಿದ ಲಾಲೋ ಶಿಫ್ರಿನ್ ಮಾಡಿದ್ದು. ಅದರಲ್ಲಿ ಮೋರ್ಸ್ ಕೋಡ್ ಅಡಗಿದೆ, ಅದು ‘ಎಂ, ಐ’ ಎನ್ನುತ್ತದೆ ಎಂಬ ಮಾತು ಇಂಟರ್ನೆಟ್‌ನಲ್ಲಿ ಓಡಾಡುತ್ತಿದೆ. ನಿಜವೇ?

ನೀವೇ ಮೇಜು ಬಡಿದು ನೋಡಿ. ಒಂದು-ಎರಡು-ಮೂರು, ಒಂದು-ಎರಡು-ಮೂರು, ಒಂದು-ಎರಡು, ಒಂದು-ಎರಡು. ಪ್ರತಿ ‘ಒಂದು’ ಬಂದಾಗ ಜೋರಾಗಿ ಬಡಿಯಿರಿ. ಟ್ಯೂನ್ ಬಂತಲ್ಲ? ಎರಡು ಉದ್ದ, ಎರಡು ಗಿಡ್ಡ. ಹಿಂದೆ ತಂತಿ ಕಳಿಸುತ್ತಿದ್ದ ಮೋರ್ಸ್‌ನಲ್ಲಿ ಎರಡು ಗೆರೆ ಎಂದರೆ ಎಂ, ಎರಡು ಚುಕ್ಕಿ ಎಂದರೆ ಐ. ಇಷ್ಟರ ಮಟ್ಟಿಗೆ ಹೊಂದುತ್ತದೆ.

ಆದರೆ ಮೋರ್ಸ್‌ನಲ್ಲಿ ಗೆರೆ ಚುಕ್ಕಿಯ ಮೂರು ಪಟ್ಟು ಉದ್ದ ಇರಬೇಕು. ಇಲ್ಲಿ ಒಂದೂವರೆ ಪಟ್ಟು ಮಾತ್ರ. ಅಕ್ಷರಗಳ ನಡುವೆ ಬಿಡಬೇಕಾದ ಜಾಗವೂ ಇಲ್ಲ. ಹೊಂದಿಕೊಂಡ ಮಾತ್ರಕ್ಕೆ ಸಂದೇಶ ಎನ್ನುವುದಾದರೆ ನಮ್ಮ ತಬಲಾದಲ್ಲೂ ಸಂದೇಶ ಹುಡುಕಬಹುದು! ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ಹಾಡು ಕೇಳಿದ ನಮ್ಮ ಸೀಮೆಯವರಿಗೆ ಝಪ್‌ತಾಳ ಹೊಸದಲ್ಲ: ಧೀ ನಾ, ಧೀ ಧೀ ನಾ, ತೀ ನಾ, ಧೀ ಧೀ ನಾ. ಇದೂ ಹತ್ತೇ ಮಾತ್ರೆ, ವಿಂಗಡಣೆ ಮಾತ್ರ ಬೇರೆ: ಎರಡು-ಮೂರು, ಎರಡು-ಮೂರು. ಗಿಡ್ಡ-ಉದ್ದ, ಗಿಡ್ಡ-ಉದ್ದ. ಮೋರ್ಸ್‌ನಲ್ಲಿ ಓದಿದರೆ ‘ಎ, ಎ’. ಝಪ್‌ತಾಳ ಕಟ್ಟಿದವರು ಇಂಗ್ಲಿಷ್ ಅಕ್ಷರ ಬಚ್ಚಿಟ್ಟರು ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಟ್ಯೂನ್ ಕೇಳಿದಾಗ ಎದೆ ಢವಢವ ಎನ್ನುವುದು ಏಕೆ? ಗುಟ್ಟು ಲೆಕ್ಕದಲ್ಲಿದೆ. ಬಹುತೇಕ ಸಿನಿಮಾ ಹಾಡುಗಳು ನಾಲ್ಕರ ಲೆಕ್ಕದಲ್ಲಿ ಓಡುತ್ತವೆ, ಕಾಲು ಅದಕ್ಕೇ ಒಗ್ಗಿರುತ್ತದೆ. ಇದು ಐದರ ಲೆಕ್ಕ. ಮುಂದಿನ ಪೆಟ್ಟು ಇಲ್ಲಿ ಬೀಳುತ್ತದೆ ಎಂದುಕೊಂಡಲ್ಲಿ ಬೀಳುವುದಿಲ್ಲ, ಕಿವಿ ಕಾಯುತ್ತಲೇ ಇರುತ್ತದೆ. ಐದು ಕಾಲಿನವರು ಕುಣಿಯಲೆಂದು ಬರೆದೆ ಎಂದು ಶಿಫ್ರಿನ್ ತಮಾಷೆ ಮಾಡುತ್ತಿದ್ದರು.

1996ರ ಸಿನಿಮಾಗೆ ಯೂ2 ತಂಡದ ಇಬ್ಬರು ಇದೇ ಟ್ಯೂನನ್ನು ಬಹುಪಾಲು ನಾಲ್ಕರ ಲೆಕ್ಕಕ್ಕೆ ಇಳಿಸಿದರು. ಯೂಟ್ಯೂಬ್‌ನಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಹೊಸದಕ್ಕೆ ಆರಾಮಾಗಿ ಕುಣಿಯಬಹುದು, ಆದರೆ ಆ ಢವಢವ ಅಷ್ಟಾಗಿ ಬರುವುದಿಲ್ಲ.