ಬರಬೇಕಾದ ಇ-ಮೇಲ್ ಬಾರದಿದ್ದಾಗ: ಸಂಘದ ಸರ್ವರ್ ಪರಿಶೀಲಿಸುವ ಕ್ರಮ



ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಸರಕನ್ನು ಪೂಲಿಗೆ ಒಪ್ಪಿಸಿ ಬಂದರೆ ಮಾರಾಟದ ಚಿಂತೆ ಬೆಳೆಗಾರನಿಗಿರಲಿಲ್ಲ. ಕಂತಿನ ಹಣ ಬರುವುದನ್ನು ಕಾಯುವುದಷ್ಟೇ ಅವನ ಕೆಲಸವಾಗಿತ್ತು. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿ ಕೊನೆಗೊಂಡಿತು. ಈಗ ಕಾಫಿಯಾಗಲಿ ಅಡಿಕೆಯಾಗಲಿ, ಮಾದರಿಯ ಒಪ್ಪಿಗೆ, ದರದ ಪ್ರಸ್ತಾಪ, ಲಾರಿ ಬರುವ ದಿನ ಎಲ್ಲವೂ ಇ-ಮೇಲ್ ಮೂಲಕವೇ ಬರುತ್ತವೆ. ಯುರೋಪ್ ಒಕ್ಕೂಟವು ಅರಣ್ಯನಾಶ ತಡೆಯುವ ನಿಯಮವನ್ನು 2023ರಲ್ಲಿ ಅಂಗೀಕರಿಸಿದ ಮೇಲೆ, ತೋಟದ ಸ್ಥಳದ ಗುರುತು ಕೇಳುವ ಪತ್ರಗಳೂ ಇವುಗಳ ಜೊತೆ ಸೇರಿಕೊಂಡಿವೆ. ಬೆಳಿಗ್ಗೆ ಹೇಳಿದ ದರ ಸಂಜೆಯವರೆಗೆ ನಿಲ್ಲುವುದಿಲ್ಲ. ಆ ಪತ್ರ ಕಚೇರಿಗೆ ತಲುಪದೇ ಹೋದರೆ ನಷ್ಟ ಬೀಳುವುದು ಗೋದಾಮಿನಲ್ಲಿ ಹತ್ತು ಚೀಲ ಇಟ್ಟ ಸಣ್ಣ ಬೆಳೆಗಾರನ ಮೇಲೆ. ಆದಕಾರಣ ಈ ವಿಷಯವನ್ನು ಕಂಪ್ಯೂಟರ್ ಬಲ್ಲವರಿಗೇ ಬಿಟ್ಟುಬಿಡದೆ ಸದಸ್ಯರೆಲ್ಲರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಕಳೆದ ಮುಂಗಾರಿನ ಮೊದಲ ಗುಡುಗಿಗೆ ನಮ್ಮ ಕಚೇರಿಯ ರೌಟರ್ ಸುಟ್ಟುಹೋಯಿತು. ಸೇವಾ ಸಂಸ್ಥೆಯವರು ಮರುದಿನವೇ ಹೊಸದನ್ನು ಕೂರಿಸಿದರು. ಇಂಟರ್ನೆಟ್ ಬಂತು, ನಾವು ಬರೆದ ಪತ್ರಗಳೂ ಹೋದವು. ಆದರೆ ಮೂರು ದಿನ ಒಂದೇ ಒಂದು ಪತ್ರವೂ ಒಳಗೆ ಬಂದಿರಲಿಲ್ಲ. ಕೊಳ್ಳುವವರೊಬ್ಬರು ಫೋನ್ ಮಾಡಿ, "ಏನ್ ಸಾರ್, ನಮ್ಮ ಕಾಗದಕ್ಕೆ ಉತ್ತರವೇ ಇಲ್ಲವಲ್ಲ" ಎಂದಾಗಲೇ ಅದು ಬೆಳಕಿಗೆ ಬಂದದ್ದು. ಬಾರದ ಪತ್ರ ತಾನು ಬಂದಿಲ್ಲವೆಂದು ಹೇಳಿಕೊಳ್ಳುವುದಿಲ್ಲ. ಈ ದೋಷದ ತೊಡಕೇ ಅದು.

ಕೆರೆ, ತೂಬು, ನೀರುಗಂಟಿ

ಸೊಂಡೂರಿನ ಬೆಟ್ಟಗಳಿಂದ ಇಳಿಯುವ ನಾರಿಹಳ್ಳ ದರೋಜಿ ಕೆರೆಗೆ ನೀರು ತರುತ್ತದೆ. ಆ ಕೆರೆಯ ಏರಿಯ ಮೇಲೆ ನಿಂತವರಿಗೆ ಒಂದು ಮಾತು ತಿಳಿದಿರುತ್ತದೆ: ಕೆರೆ ತುಂಬಿದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಬಂತೆಂದು ಅರ್ಥವಲ್ಲ. ತೂಬು ತೆರೆದಿರಬೇಕು, ಕಾಲುವೆ ಹೂಳಿರಬಾರದು, ನೀರುಗಂಟಿ ನಮ್ಮ ಕಡೆಗೆ ನೀರು ತಿರುಗಿಸಿರಬೇಕು, ಗದ್ದೆಯ ಬಾಯಿಯೂ ತೆರೆದಿರಬೇಕು.

ಇ-ಮೇಲ್ ದಾರಿಯೂ ಹೀಗೆಯೇ. ನಮ್ಮ ಹೆಸರಿನ ವಿಳಾಸದ ದಾಖಲೆ, ಸೇವಾ ಸಂಸ್ಥೆಯ ತಂತಿ, ರೌಟರ್, ಸರ್ವರ್ ಎಂಬ ನಾಲ್ಕು ಕಡೆ ಅದು ನಿಲ್ಲಬಹುದು. ಇದರಲ್ಲಿ ನೀರುಗಂಟಿಯ ಕೆಲಸ ರೌಟರಿನದು. ಒಳಗಿನಿಂದ ಹೊರಗೆ ಹೋಗುವುದನ್ನು ಅದು ತಡೆಯುವುದಿಲ್ಲ. ಹೊರಗಿನಿಂದ ಬಂದದ್ದನ್ನು ಯಾವ ಕಂಪ್ಯೂಟರಿಗೆ ಕೊಡಬೇಕೆಂದು ಹೇಳಿಡದಿದ್ದರೆ ಬಾಗಿಲಿನಲ್ಲೇ ಬಿಟ್ಟುಬಿಡುತ್ತದೆ. ಹೋಗುವ ಪತ್ರ ಸರಾಗವಾಗಿ ಹೋಗಿ, ಬರುವ ಪತ್ರ ಮಾತ್ರ ನಿಲ್ಲುವುದು ಈ ಕಾರಣದಿಂದ.

ಮೊದಲು ಕಳುಹಿಸಿದವರನ್ನು ಕೇಳಿ

ಇ-ಮೇಲ್ ಸಾಗಿಸುವ ನಿಯಮಾವಳಿಯನ್ನು 1982ರಲ್ಲಿ ಬರೆದಿಟ್ಟರು. 2008ರ ಪರಿಷ್ಕೃತ ರೂಪ ಇಂದಿಗೂ ಬಳಕೆಯಲ್ಲಿದೆ. ಅದರಂತೆ, ಎದುರಿನ ಸರ್ವರ್ ಸಿಗದಿದ್ದರೆ ಕಳುಹಿಸುವ ಸರ್ವರ್ ಪತ್ರವನ್ನು ಕೂಡಲೇ ಎಸೆಯದೆ ಕನಿಷ್ಠ 4-5 ದಿನ ಮತ್ತೆ ಮತ್ತೆ ಪ್ರಯತ್ನಿಸುವುದು ವಾಡಿಕೆ. ಆದ್ದರಿಂದ ದೋಷವನ್ನು ಬೇಗ ಸರಿಪಡಿಸಿದರೆ ನಿಂತ ಪತ್ರಗಳು ತಾವಾಗಿಯೇ ಬರುವ ಸಂಭವ ಹೆಚ್ಚು. ನಮ್ಮ ಮೂರು ದಿನದ ಪತ್ರಗಳೂ ಹಾಗೆಯೇ ಬಂದವು.

ಪತ್ರ ಮರಳಿ ಹೋಗಿದ್ದರೆ ಅದರೊಡನೆ ಬಂದ ಟಿಪ್ಪಣಿಯನ್ನು ತರಿಸಿಕೊಳ್ಳಿ. ಸಂಪರ್ಕ ಸಿಗಲಿಲ್ಲ ಎಂದಿದ್ದರೆ ದೋಷ ದಾರಿಯಲ್ಲಿದೆ. 550 ಎಂಬ ಸಂಖ್ಯೆಯಿದ್ದರೆ ಪತ್ರ ಸರ್ವರಿನ ತನಕ ಬಂದು ನಿರಾಕರಣೆಯಾಗಿದೆ. ವಿಳಾಸದ ಅಕ್ಷರ ತಪ್ಪಿರಬಹುದು, ಅಥವಾ ಆ ಹೆಸರಿನ ಪೆಟ್ಟಿಗೆಯೇ ಇಲ್ಲದಿರಬಹುದು. 452 ಎಂದಿದ್ದರೆ ಸಾಮಾನ್ಯವಾಗಿ ಸರ್ವರಿನಲ್ಲಿ ಜಾಗ ಸಾಲದು ಎಂದು ಅರ್ಥ.

ಪರಿಶೀಲನೆಯ ಐದು ಹಂತ

1. ಸರ್ವರಿನ ಮುಂದೆಯೇ ಕುಳಿತು ನೋಡಿ. ಇ-ಮೇಲ್ ಕಾರ್ಯಕ್ರಮ ಓಡುತ್ತಿದೆಯೇ, ಡಿಸ್ಕಿನಲ್ಲಿ ಜಾಗವಿದೆಯೇ ಎಂದು ಗಮನಿಸಿ. ಟೆಲ್‌ನೆಟ್ ಆಜ್ಞೆಯಿಂದ ಅದೇ ಯಂತ್ರದ 25ನೇ ಪೋರ್ಟನ್ನು ತಟ್ಟಿದರೆ 220 ಎಂದು ಆರಂಭವಾಗುವ ಸಾಲು ಬರಬೇಕು. ಬಾರದಿದ್ದರೆ ಮುಂದೆ ಹೋಗುವ ಅಗತ್ಯವಿಲ್ಲ. ದೋಷ ಇಲ್ಲಿಯೇ ಇದೆ.

2. ಕಚೇರಿಯ ಇನ್ನೊಂದು ಕಂಪ್ಯೂಟರಿನಿಂದ ಸರ್ವರಿನ ಒಳವಿಳಾಸವನ್ನು ಹೀಗೆಯೇ ತಟ್ಟಿ. ಮೊದಲನೆಯದು ಸರಿಯಾಗಿ, ಇದು ಸೋತರೆ, ಸರ್ವರ್ ತನ್ನೊಳಗೇ ಕಿವಿಗೊಟ್ಟು ಕುಳಿತಿದೆ, ಇಲ್ಲವೇ ಅದರ ಫೈರ್‌ವಾಲ್ ತಡೆಯುತ್ತಿದೆ.

3. ರೌಟರಿನಲ್ಲಿ ಹೊರಗಿನ 25ನೇ ಪೋರ್ಟನ್ನು ಸರ್ವರಿನ ಒಳವಿಳಾಸಕ್ಕೆ ತಿರುಗಿಸುವ ನಿಯಮ ಇದೆಯೇ ನೋಡಿ. ನಮ್ಮ ಹೊಸ ರೌಟರಿನಲ್ಲಿ ಇದೇ ಇರಲಿಲ್ಲ. ಸರ್ವರಿನ ಒಳವಿಳಾಸವೂ ಖಾಯಂ ಆಗಿರಬೇಕು. ಕರೆಂಟು ಹೋಗಿ ಬಂದಾಗ ಅದು 192.168.1.10ರಿಂದ 192.168.1.14ಕ್ಕೆ ಬದಲಾದರೆ ರೌಟರ್ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. 993, 587 ಮೊದಲಾದ ಪೋರ್ಟುಗಳು ನಾವು ನಮ್ಮ ಪೆಟ್ಟಿಗೆ ಓದಲು, ನಮ್ಮ ಪತ್ರವನ್ನು ಸರ್ವರಿಗೆ ಒಪ್ಪಿಸಲು ಮಾತ್ರ. ಪರಸ್ಥಳದ ಸರ್ವರುಗಳು ಪತ್ರ ತರುವುದು 25ರಲ್ಲೇ.

4. ರೌಟರ್ ತೋರಿಸುವ ಹೊರವಿಳಾಸವನ್ನೂ ಇಂಟರ್ನೆಟ್ಟಿನಲ್ಲಿ ಕಾಣುವ ನಮ್ಮ ವಿಳಾಸವನ್ನೂ ಹೋಲಿಸಿ. ಎರಡೂ ಒಂದೇ ಇರಬೇಕು. ರೌಟರಿನದು 10 ಅಥವಾ 192.168ರಿಂದ, ಇಲ್ಲವೇ 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ ನಮ್ಮ ಮೇಲೆ ಇನ್ನೊಬ್ಬ ನೀರುಗಂಟಿ ಇದ್ದಾನೆಂದು ತಿಳಿಯಿರಿ. ಅದು ಕಚೇರಿಯಲ್ಲೇ ಇರುವ ಎರಡನೆಯ ರೌಟರ್ ಆಗಿರಬಹುದು. ಇಲ್ಲವಾದರೆ ಸೇವಾ ಸಂಸ್ಥೆಯು ಅನೇಕ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಇಟ್ಟಿದೆ; ಆಗ ನಮ್ಮ ರೌಟರಿನಲ್ಲಿ ಏನು ಮಾಡಿದರೂ ಫಲವಿಲ್ಲ. ಖಾಯಂ ಸಾರ್ವಜನಿಕ ವಿಳಾಸವನ್ನು ಬರಹದಲ್ಲಿ ಕೇಳಬೇಕು. 25ನೇ ಪೋರ್ಟನ್ನು ತಡೆದಿದ್ದಾರೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ.

5. ಕೊನೆಯದು ಹೆಸರಿನ ದಾಖಲೆ. ಎನ್‌ಎಸ್‌ಲುಕಪ್ ಆಜ್ಞೆಯಿಂದ ಸಂಘದ ಹೆಸರಿನ ಎಂ.ಎಕ್ಸ್. ದಾಖಲೆಯನ್ನು ನೋಡಬಹುದು. ಅದರಲ್ಲಿ ಸರ್ವರಿನ ಹೆಸರಿರಬೇಕು, ಬರೀ ಅಂಕಿಯ ವಿಳಾಸ ಇರಬಾರದು. ಆ ಹೆಸರು ಈಗಿನ ಹೊರವಿಳಾಸವನ್ನೇ ತೋರಿಸಬೇಕು. ಸಂಪರ್ಕ ಬದಲಾದಾಗ ಇದನ್ನು ತಿದ್ದದಿದ್ದರೆ ಪತ್ರಗಳು ಹಳೆಯ ಊರಿಗೇ ಹೋಗುತ್ತಿರುತ್ತವೆ.

ಪರೀಕ್ಷೆಯಲ್ಲಿ ಎಚ್ಚರ

ಕಚೇರಿಯೊಳಗೇ ಕುಳಿತು ಹೊರವಿಳಾಸವನ್ನು ತಟ್ಟಬೇಡಿ. ಎಲ್ಲವೂ ಸರಿಯಿದ್ದಾಗಲೂ ಕೆಲವು ರೌಟರುಗಳು ಒಳಗಿನಿಂದ ಹೊರಟು ಒಳಗೇ ಬರುವ ಕರೆಯನ್ನು ಬಿಡುವುದಿಲ್ಲ. ಮೊಬೈಲ್ ಸಂಪರ್ಕದಿಂದ ತಟ್ಟಿ ಉತ್ತರ ಬಂದರೆ ದಾರಿ ತೆರೆದಿದೆ ಎನ್ನಬಹುದು. ಬಾರದಿದ್ದರೆ ಮುಚ್ಚಿದೆ ಎನ್ನಲಾಗದು, ಏಕೆಂದರೆ ಮೊಬೈಲ್ ಜಾಲವೇ 25ನ್ನು ತಡೆದಿರುವುದುಂಟು. ಹೊರಗಿನ ಬೇರೆ ಇ-ಮೇಲ್ ವಿಳಾಸದಿಂದ ಒಂದು ಪತ್ರ ಹಾಕಿ, ಸರ್ವರಿನ ದಿನಚರಿ ಕಡತದಲ್ಲಿ ಅದರ ಗುರುತು ಬಿತ್ತೇ ಎಂದು ನೋಡುವುದೇ ನಂಬತಕ್ಕ ಪರೀಕ್ಷೆ. ಗುರುತೇ ಇಲ್ಲದಿದ್ದರೆ ಪತ್ರ ಸರ್ವರಿನ ಬಾಗಿಲಿಗೇ ಬಂದಿಲ್ಲ.

ಬೇಸರದಿಂದ ಫೈರ್‌ವಾಲನ್ನು ಪೂರ್ತಿ ತೆಗೆಯುವುದಾಗಲಿ, ಸರ್ವರಿನ ಎಲ್ಲ ಪೋರ್ಟುಗಳನ್ನು ತೆರೆದಿಡುವುದಾಗಲಿ ಸಲ್ಲದು. ಏರಿ ಒಡೆದು ಗದ್ದೆಗೆ ನೀರು ತಂದಂತೆ ಆದೀತು. ಪರರ ಪತ್ರವನ್ನು ಪರರಿಗೆ ಸಾಗಿಸುವ ಅನುಮತಿಯೂ ಸರ್ವರಿಗೆ ಇರಬಾರದು. ಇದ್ದರೆ ವಂಚಕರು ನಮ್ಮ ಹೆಸರಿನಲ್ಲಿ ಸಾವಿರಾರು ಪತ್ರ ಸಾಗಿಸುತ್ತಾರೆ, ಸಂಘದ ವಿಳಾಸ ಕಪ್ಪುಪಟ್ಟಿಗೆ ಸೇರುತ್ತದೆ. ಆಮೇಲೆ ನಮ್ಮ ನಿಜವಾದ ಪತ್ರವನ್ನೂ ಯಾರೂ ಸ್ವೀಕರಿಸರು.

ಸಣ್ಣ ಸಂಘಗಳಿಗೆ ಸಲಹೆ

ಖಾಯಂ ವಿಳಾಸ, ನಿಲ್ಲದ ವಿದ್ಯುತ್ತು, ನೋಡಿಕೊಳ್ಳುವ ಒಬ್ಬ ಜವಾಬ್ದಾರ ಮನುಷ್ಯ ಈ ಮೂರೂ ಇಲ್ಲದ ಸಂಘ ತನ್ನದೇ ಸರ್ವರ್ ಇಡುವುದು ಲಾಭದ ಮಾತಲ್ಲ. ಸಂಘದ ಹೆಸರನ್ನು ಉಳಿಸಿಕೊಂಡು, ಪೆಟ್ಟಿಗೆಯನ್ನು ಮಾತ್ರ ಆ ಕಸುಬಿನವರಲ್ಲಿ ಬಾಡಿಗೆಗೆ ಇಟ್ಟು ಪತ್ರಗಳನ್ನು ತರಿಸಿಕೊಳ್ಳಬಹುದು. ಆಗ ರೌಟರಿನಲ್ಲಿ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ, ಕರೆಂಟು ಹೋದರೂ ಪತ್ರ ಅಲ್ಲಿ ಕಾದಿರುತ್ತದೆ.

ಸ್ವಂತ ಸರ್ವರ್ ಇಟ್ಟವರು ಹೊರವಿಳಾಸ, ಒಳವಿಳಾಸ, ತೆರೆದ ಪೋರ್ಟುಗಳು, ಹೆಸರು ನವೀಕರಿಸುವ ದಿನಾಂಕ ಇವನ್ನು ಕಾಗದದಲ್ಲಿ ಬರೆದು ನಡವಳಿ ಪುಸ್ತಕದ ಜೊತೆ ಇಡುವುದು ಒಳಿತು. ಪಾಸ್‌ವರ್ಡನ್ನು ಬೀರುವಿನಲ್ಲಿ ಬೇರೆಯಾಗಿ ಇಡಬೇಕು. ರೌಟರ್ ಬದಲಾದ ದಿನ, ಮತ್ತು ತಿಂಗಳಿಗೊಮ್ಮೆ ತಪ್ಪದೆ, ಹೊರಗಿನಿಂದ ಒಂದು ಪತ್ರ ಹಾಕಿ ನೋಡಬೇಕು.

ಇನ್ನು ಸದಸ್ಯರಲ್ಲಿ ಒಂದು ಅರಿಕೆ. ದರದ ವಿಷಯವಾಗಿ ಸಂಘಕ್ಕೆ ಇ-ಮೇಲ್ ಬರೆದು ಅದೇ ದಿನ ಉತ್ತರ ಬಾರದಿದ್ದರೆ, ಕಾರ್ಯದರ್ಶಿ ಉದಾಸೀನ ಮಾಡಿದರೆಂದು ಸುಮ್ಮನಾಗಬೇಡಿ. ದಯಮಾಡಿ ಕಚೇರಿಗೆ ಒಂದು ಫೋನ್ ಮಾಡಿ. ನಿಮ್ಮ ಫೋನಿನಿಂದ ನಿಮ್ಮ ಚೀಲಗಳ ದರ ಉಳಿಯುತ್ತದೆ; ನಿಂತ ಪತ್ರಗಳ ಸುದ್ದಿಯೂ ನಮಗೆ ಬೇಗ ತಿಳಿಯುತ್ತದೆ.