ಗೊಂಬೆಗೂ ಒಂದು ನಂಬರು

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಗೊತ್ತಲ್ಲ? ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯದ್ದು, 1968ರಲ್ಲಿ ಶುರುವಾಗಿದ್ದು. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ (ಜೀಶಂಪ), ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಹಳ್ಳಿ ಹಳ್ಳಿ ಅಲೆದು ಕೂಡಿಸಿದ ಸಂಪತ್ತು ಅದು: ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಸೋಮನ ಕುಣಿತದ ಮರದ ಮುಖವಾಡ.

ವಸ್ತು ಕೈಗೆ ಬಂದರೆ ಆಯಿತೇ? ಅಲ್ಲಿಂದಲೇ ಸಂಗ್ರಹಾಲಯ ನೋಡಿಕೊಳ್ಳುವ ಮೇಷ್ಟ್ರ ತಲೆನೋವು ಶುರು. ಅದಕ್ಕೊಂದು ನಂಬರು ಕೊಡಬೇಕು. ಯಾವ ಊರಿನದು, ಯಾರು ಕೊಟ್ಟರು, ಯಾವ ಹಬ್ಬದಲ್ಲಿ ಬಳಸುತ್ತಿದ್ದರು, ಎಲ್ಲ ರಿಜಿಸ್ಟರಿಗೆ ಏರಬೇಕು. ಆ ವಿವರ ತಪ್ಪಿದರೆ ಸೋಮ ಬರೀ ಬಣ್ಣದ ಮರ, ಅಷ್ಟೇ. ಇನ್ನು ತೊಗಲುಗೊಂಬೆ ಮಹಾ ಹಟಮಾರಿ. ತೇವ ಹೆಚ್ಚಿದರೆ ಬೂಷ್ಟು, ತೀರಾ ಒಣಗಿದರೆ ಮುರುಟುತ್ತದೆ. ಬಿಸಿಲು ತಾಗಿದರೆ ಬಣ್ಣವೇ ಮಾಸುತ್ತದೆ.

ಜೊತೆಗೆ ಆ ಮೇಷ್ಟ್ರಿಗೆ ಎಂ.ಎ. ಮಕ್ಕಳ ಪಾಠವೂ ಇರುತ್ತದೆ, ಮರೆಯಬೇಡಿ.