ಹಳಿ, ಹಬೆ, ಸುರಂಗ: ಲೋಕಲ್ ರೈಲಿನ ದಾರಿಯಲ್ಲೇ ಸಿಗುವ ಇಂಗ್ಲಿಷ್ ನುಡಿಗಟ್ಟುಗಳ ಅರ್ಥ

‘ಇವತ್ತು ಲೋಕಲ್ ಕೈಕೊಟ್ಟಿತು’ ಎಂದು ಡೊಂಬಿವಲಿಯ ಕನ್ನಡಿಗರೊಬ್ಬರು ಹೇಳಿದರೆ, ರೈಲಿಗೆ ಕೈ ಎಲ್ಲಿದೆ ಎಂದು ಮತ್ತೊಬ್ಬ ಕನ್ನಡಿಗ ಕೇಳುವುದಿಲ್ಲ. ಇಂಗ್ಲಿಷ್ ನುಡಿಗಟ್ಟುಗಳೂ ಹೀಗೆಯೇ. ಆದರೆ ಕನ್ನಡ ಮಾಧ್ಯಮದಲ್ಲೋ, ಹೋಟೆಲ್ ಕೆಲಸ ಮುಗಿಸಿ ರಾತ್ರಿ ಶಾಲೆಯಲ್ಲೋ ಓದಿ ಮೇಲೆ ಬಂದವರಿಗೆ ವ್ಯಾಕರಣ ಸಿಕ್ಕಷ್ಟು ಸುಲಭವಾಗಿ ಇವು ಸಿಗುವುದಿಲ್ಲ. ನವಿ ಮುಂಬೈನ ಐರೋಲಿ, ಮಹಾಪೆಯ ಕಚೇರಿಗಳಲ್ಲಿ ಬರುವ ಇಮೇಲ್ ಓದುವಾಗ ಪ್ರತಿ ಪದದ ಅರ್ಥ ಗೊತ್ತಿದ್ದರೂ ವಾಕ್ಯ ಏನು ಹೇಳುತ್ತಿದೆ ಎಂಬುದು ಹೊಳೆಯದಿರುವುದು ಇದೇ ಕಾರಣಕ್ಕೆ.

ಠಾಣೆ, ಕಲ್ಯಾಣದವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಎಷ್ಟೋ ನುಡಿಗಟ್ಟುಗಳು ರೈಲು, ಹಬೆ ಯಂತ್ರಗಳ ಕಾಲದ ಕೊಡುಗೆ. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಬಂದು ನಿಂತಿದ್ದೇ ಠಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು.

‘ಗೋ ಆಫ್ ದಿ ರೇಲ್ಸ್’ ಎಂದರೆ ನಮ್ಮ ‘ಹಳಿ ತಪ್ಪು’. ವಿವರಣೆಯೇ ಬೇಡ. ಗೊಂದಲ ಇರುವುದು ಹಬೆಯಲ್ಲಿ. ಬಾಯ್ಲರ್‌ನಲ್ಲಿ ಒತ್ತಡ ಮಿತಿ ಮೀರಿದರೆ ವಾಲ್ವ್ ತೆರೆದು ಹಬೆ ಹೊರಬಿಡಬೇಕು, ಇಲ್ಲವಾದರೆ ಸ್ಫೋಟ. ಒಳಗೆ ಕುದಿಯುವ ಸಿಟ್ಟು, ಬೇಸರವನ್ನು ಮಾತಿನಲ್ಲೋ ಆಟದಲ್ಲೋ ಹೊರಹಾಕಿ ಹಗುರಾಗುವುದು ‘ಲೆಟ್ ಆಫ್ ಸ್ಟೀಮ್’. ಇಂಜಿನ್‌ನಲ್ಲಿ ಹಬೆಯೇ ಮುಗಿದುಹೋದರೆ? ಅದು ‘ರನ್ ಔಟ್ ಆಫ್ ಸ್ಟೀಮ್’, ಅಂದರೆ ಹುಮ್ಮಸ್ಸು ಬತ್ತಿ ಕೆಲಸ ಅರ್ಧದಲ್ಲೇ ನಿಲ್ಲುವುದು. ಒಂದರಲ್ಲಿ ಹಬೆ ಹೆಚ್ಚು, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಮೊದಲನೆಯದು ಹೇಳಬೇಕಾದಲ್ಲಿ ಎರಡನೆಯದು ಹೇಳಿದರೆ, ಸ್ವಲ್ಪ ವಿರಾಮ ಕೇಳಿದವರು ಕೈಚೆಲ್ಲಿದಂತೆ ಕೇಳಿಸುತ್ತದೆ.

ಠಾಣೆ ದಾಟಿದ ಮೇಲೆ 1916ರಲ್ಲಿ ತೆರೆದ ಪಾರ್ಸಿಕ್ ಸುರಂಗವಿದೆ, ಉದ್ದ ಸುಮಾರು 1.3 ಕಿ.ಮೀ. ಕತ್ತಲಲ್ಲಿ ಸಾಗುವಾಗ ದೂರದಲ್ಲಿ ಬೆಳಕು ಕಂಡರೆ ಸಮಾಧಾನ. ‘ಲೈಟ್ ಅಟ್ ದಿ ಎಂಡ್ ಆಫ್ ದಿ ಟನಲ್’ ಎಂಬುದರ ಅರ್ಥವೂ ಅಷ್ಟೇ: ಕಷ್ಟ ಮುಗಿದಿಲ್ಲ, ಮುಗಿಯುವ ಲಕ್ಷಣ ಕಂಡಿದೆ. ಸಮಸ್ಯೆ ಬಗೆಹರಿದ ಮೇಲೆ ಇದನ್ನು ಬಳಸಿದರೆ ತಪ್ಪು. ಆ ಬೆಳಕು ಎದುರು ಬರುವ ರೈಲಿನದೂ ಆಗಿರಬಹುದು ಎಂದು ಇಂಗ್ಲಿಷರು ತಮಾಷೆ ಮಾಡುವುದುಂಟು!

ಎಲ್ಲೆಡೆ ರೈಲು ಹುಡುಕಲೂಬಾರದು. ‘ಟ್ರೇನ್ ಆಫ್ ಥಾಟ್’ಗೂ ರೈಲಿಗೂ ಸಂಬಂಧವಿಲ್ಲ. ಇಲ್ಲಿ ‘ಟ್ರೇನ್’ ಎಂದರೆ ಸಾಲು, ಒಂದರ ಹಿಂದೊಂದು ಬರುವ ಯೋಚನೆಗಳ ಸರಣಿ. ತತ್ವಜ್ಞಾನಿ ಥಾಮಸ್ ಹಾಬ್ಸ್ ಇದನ್ನು ಬಳಸಿದ್ದು 1651ರಲ್ಲಿ, ಆಗ ಪ್ರಯಾಣಿಕ ರೈಲು ಎಂಬುದೇ ಇರಲಿಲ್ಲ.

ವಿದೇಶಿ ಗ್ರಾಹಕರ ಜತೆ ಕೆಲಸ ಮಾಡುವವರು ಎಚ್ಚರದಿಂದ ಇರಬೇಕಾದ ಪದ ಮಾತ್ರ ‘ಟೇಬಲ್’. ಒಂದು ವಿಷಯವನ್ನು ‘ಟೇಬಲ್’ ಮಾಡುವುದು ಎಂದರೆ ಬ್ರಿಟನ್‌ನಲ್ಲಿ ಚರ್ಚೆಗೆ ಇಡುವುದು. ಭಾರತದ ಬಳಕೆಯೂ ಅದೇ. ಅಮೆರಿಕದಲ್ಲಿ ನೇರ ಉಲ್ಟಾ: ಚರ್ಚೆಯನ್ನು ಮುಂದಕ್ಕೆ ಹಾಕುವುದು. ಎರಡನೇ ಮಹಾಯುದ್ಧದ ವೇಳೆ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳು ಇದೇ ಪದಕ್ಕಾಗಿ ದೀರ್ಘ ವಾಗ್ವಾದ ನಡೆಸಿದ್ದನ್ನು, ಇಬ್ಬರಿಗೂ ಬೇಕಿದ್ದದ್ದು ಒಂದೇ ಎಂದು ಕೊನೆಗೆ ತಿಳಿದದ್ದನ್ನು ವಿನ್‌ಸ್ಟನ್ ಚರ್ಚಿಲ್ ಬರೆದಿಟ್ಟಿದ್ದಾರೆ. ಹಾಗಾಗಿ ಅಮೆರಿಕದ ಇಮೇಲ್‌ನಲ್ಲಿ ಈ ಪದ ಕಂಡರೆ, ‘ಚರ್ಚೆ ಯಾವ ದಿನ?’ ಎಂದು ಕೇಳಿ ಮರುತ್ತರ ಕಳಿಸುವುದು ಕ್ಷೇಮ.